ವಲ್ಲಿಯ ಕೆಳಗೆ ಹೋದ ಲೆಕ್ಕ

ಅಕ್ಕ ಮಳವಳ್ಳಿ ಬಸ್ಸಿನಿಂದ ಇಳಿದು ಮಂಡ್ಯದ ನನ್ನ ಮನೆಗೆ ಬಂದಾಗ ನಾನು ಸಂತೆಗೆ ಹೊರಟು ಚಪ್ಪಲಿ ಮೆಟ್ಟಿದ್ದೆ. ಅವಳು ಜಗಲಿಯ ಮೇಲೆ ಕುಳಿತಳು. ನನ್ನ ಹೆಂಡತಿ ತಂದುಕೊಟ್ಟ ನೀರನ್ನು ಪಕ್ಕಕ್ಕೆ ಇಟ್ಟುಕೊಂಡಳು, ಕುಡಿಯಲಿಲ್ಲ.

"ನಿಮ್ ಬಾವನ್ನ ದಂಡಲ್ಲಿ ಕೂಡಾಕವ್ರಂತೆ ಕಣ್ಲಾ."

"ಕುಡ್ದು ಗಲಾಟೆ ಮಾಡ್ಕಂಡ್ರಾ?"

"ಕುಡ್ದಿದ್ರೆ ನಾನ್ಯಾಕ್ ಬಸ್ಸತ್ತಿ ಬತ್ತಿದ್ದೆ. ಯಾವನೋ ಪರದೇಸ್ದೋನ್ಗೆ ದಂಡಿನ ಸುದ್ದಿ ಕೊಟ್ರಂತೆ. ನೇಣಾಕ್ತಾರಂತೆ."

ರಾಗಿಯ ಧಾರಣೆ ಹೇಳುವವರ ಹಾಗೆ ಹೇಳಿದಳು. ಸುದ್ದಿ ತಂದವನು ಪಕ್ಕದ ಊರಿನ ಸಿಪಾಯಿ, ಭಾವನ ದಳದವನೇ, ರಜದ ಮೇಲೆ ಬಂದಿದ್ದವನು. ಹಿತ್ತಲ ಬಾಗಿಲಲ್ಲಿ ನಿಂತು ಹೇಳಿ, ತನ್ನ ಹೆಸರು ಎತ್ತಬೇಡ ಎಂದು ಆಣೆ ಹಾಕಿಸಿಕೊಂಡು ಹೋಗಿದ್ದನಂತೆ.

"ನೌಕ್ರಿ ಓಗ್ಲಿ, ಮಾನಾನೂ ಓಗ್ಲಿ" ಎಂದಳು ಅಕ್ಕ. "ಜೀವ ಒಂದು ಉಳುಸ್ಕೊಡು. ಊರೋರ ವ್ಯಾಪಾರನೆಲ್ಲ ಕುದುರುಸ್ತೀಯ. ಇದೊಂದು ಕುದುರ್ಸು."

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕ ಕುಳಿತೆ. ನನಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಬೇಸಿಗೆಯಲ್ಲಿ ಭಾವ ಎರಡು ಸಂತೆಗೆ ಹೊಡೆದುಕೊಂಡು ಬಂದು, ಎರಡರಲ್ಲೂ ಮಾರದೆ ವಾಪಸು ಹೊಡೆದುಕೊಂಡು ಹೋದ ಜೊತೆ ಎತ್ತುಗಳು ಮಾತ್ರ ಕಣ್ಣ ಮುಂದೆ ಬಂದವು. ಯಾಕೆ ಬಂದವು ಎಂಬುದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ದನದ ದಳ್ಳಾಳಿ. ಮದ್ದೂರು ಸಂತೆಯಲ್ಲಿ ಬೇರೆಯವರ ದನ ಹಿಡಿದುಕೊಂಡು ನಿಲ್ಲುವ ಕೂಲಿಯಿಂದ ಶುರುಮಾಡಿ, ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದು ಕಬ್ಬಿನ ಗಾಡಿಗೆ ಎತ್ತುಗಳು ಬೇಕಾದ ಕಾಲದಲ್ಲಿ ಹೆಂಚಿನ ಮನೆ ಕಟ್ಟಿದವನು. ಕೂಲಿಮಠದಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಮಿಕ್ಕದ್ದೆಲ್ಲ ಸಂತೆಯಲ್ಲಿ ಕಲಿತದ್ದು. ಅದರಲ್ಲಿ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು: ಕೊಳ್ಳುವವನು ಸರಕನ್ನು ಹಳಿಯುತ್ತಿದ್ದರೆ ಹೆದರಬೇಡಿ, ಅವನಿಗೆ ಅದು ಬೇಕಾಗಿದೆ. ಹಳಿಯದೆ ಹೊಗಳದೆ ಸುಮ್ಮನೆ ತಲೆಯಾಡಿಸುವವನನ್ನು ಕಂಡರೆ ಹೆದರಿ. ಅವನು ಬೇರೆ ಏನನ್ನೋ ಕೊಳ್ಳುತ್ತಿರುತ್ತಾನೆ.

ನಮ್ಮ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಸ್ತ್ರಕ್ಕೆ ನಮ್ಮ ಕಡೆ ವಲ್ಲಿ ಎನ್ನುತ್ತೇವೆ. ದಳ್ಳಾಳಿ ಮೊದಲು ಮಾರುವವನ ಹತ್ತಿರ ಹೋಗಿ, ಇಬ್ಬರ ಕೈ ಮೇಲೂ ವಲ್ಲಿ ಹೊದಿಸುತ್ತಾನೆ. ಒಳಗೆ ಮಾರುವವನು ಅವನ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ಒಂದು ಹತ್ತು ರೂಪಾಯಿ, ಅಂಗೈ ಪೂರ್ತಿ ಹಿಡಿದರೆ ಐದು ಹತ್ತು. ಆಮೇಲೆ ದಳ್ಳಾಳಿ ಕೊಳ್ಳುವವನ ಹತ್ತಿರ ಬಂದು ಅದೇ ರೀತಿ ವಲ್ಲಿ ಹೊದಿಸಿ, ಅವನ ಬೆರಳು ಹಿಡಿದು ತಿಳಿಸುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ಬೆಲೆ ಗೊತ್ತಾಗುವುದಿಲ್ಲ. ಮಾರುವವನೂ ಕೊಳ್ಳುವವನೂ ಒಬ್ಬರಿಗೊಬ್ಬರು ಒಂದು ಮಾತಾಡಬೇಕಾಗಿಲ್ಲ, ಹತ್ತಿರ ನಿಲ್ಲಬೇಕಾಗೂ ಇಲ್ಲ. ನಡುವೆ ಓಡಾಡುವುದು ದಳ್ಳಾಳಿಯ ಕೈ ಒಂದೇ.

ಭಾವ ಬೆಂಗಳೂರು ದಂಡಿನಲ್ಲಿ ಇಂಗ್ಲಿಷರ ಸೈನ್ಯದ ಜಮಾದಾರ. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ದಳ ಅವರದು. ಮೀಸೆ ಬರುವ ಮೊದಲೇ ಊರು ಬಿಟ್ಟು ಸೇರಿಕೊಂಡವರು. ಹೇಸರಗತ್ತೆಯ ಗೊರಸು ನೋಡಿ ಅದು ಎಷ್ಟು ದೂರ ನಡೆದಿದೆ ಎಂದು ಹೇಳುತ್ತಿದ್ದರು. ಎತ್ತಿನ ವಿಷಯ ಮಾತ್ರ ಏನೂ ತಿಳಿಯದು. ಎತ್ತುಗಳು ಅಕ್ಕನವು. ಮಳವಳ್ಳಿಗೆ ಹರದಾರಿ ದೂರದ ಅವರ ಹಳ್ಳಿಯಲ್ಲಿ, ಕರುವಾಗಿದ್ದಾಗಿನಿಂದ ಹುರುಳಿ ಬೇಯಿಸಿ ಹಾಕಿ, ಕೊಂಬಿಗೆ ಎಣ್ಣೆ ಸವರಿ ಬೆಳೆಸಿದ ಹಳ್ಳಿಕಾರ್ ಜೊತೆ. ಅವನ್ನು ಮಾರುವುದು ಅವಳಿಗೆ ಇಷ್ಟವಿರಲಿಲ್ಲ. "ಮಾರಲ್ಲ ಕಣೇ, ಬರೀ ಬೆಲೆ ಕಟ್ಸ್ಕೊಂಡು ಬತ್ತೀನಿ" ಎಂದು ಹೇಳಿ ಭಾವ ಹೊಡೆದುಕೊಂಡು ಹೋದರಂತೆ. ಅದೊಂದು ಮಾತು ಅವರು ನಿಜ ಹೇಳಿದ್ದರು.

ಆ ಬೇಸಿಗೆಯಲ್ಲಿ ಸಂತೆಯ ತುಂಬ ಯುದ್ಧದ ಮಾತೇ. ಇಂಗ್ಲಿಷರ ಸೀಮೆಯಲ್ಲಿ ಶುರುವಾಗುತ್ತಂತೆ, ಇಲ್ಲಿಂದ ಜನ ಕಳಿಸುತ್ತಾರಂತೆ, ದನದ ಧಾರಣೆ ಏರುತ್ತಂತೆ. ಅಂಥ ದಿನಗಳಲ್ಲಿ ಒಬ್ಬ ಬಿಳಿಯ ಬೆಂಗಳೂರಿನಿಂದ ಮೋಟಾರಿನಲ್ಲಿ ಬಂದು ಸಂತೆ ಸುತ್ತುತ್ತಿದ್ದ. ಇಂಗ್ಲಿಷರವನಲ್ಲ, ಇನ್ಯಾವುದೋ ದೇಶ. ಸಮುದ್ರದಾಚೆಯ ತೋಟಗಳಿಗೆ ನಮ್ಮ ತಳಿಯ ಎತ್ತು ಬೇಕು ಎನ್ನುತ್ತಿದ್ದ. ಎರಡು ಮೂರು ಜೊತೆ ಕೊಂಡೂ ಇದ್ದ, ಹಾಗಾಗಿ ಯಾರಿಗೂ ಅನುಮಾನವಿರಲಿಲ್ಲ. ನಮಗೆ ಬಿಳಿಯರೆಲ್ಲ ದೊರೆಗಳೇ. ದೊರೆ ಎಂದೇ ಕರೆದೆವು.

ಮಳವಳ್ಳಿ ಸಂತೆಯಲ್ಲಿ ಭಾವ ನನ್ನನ್ನು ಕರೆದು, "ಆ ದೊರೆ ನಮ್ ಎತ್ನ ನೋಡ್ತಾವ್ನೆ, ನೀನೇ ಕೈ ಹಿಡಿ" ಎಂದರು. ವಲ್ಲಿ ಹೊದಿಸಿದೆ. ನೂರಿಪ್ಪತ್ತು ಹಿಡಿದರು. ಒಳ್ಳೆಯ ಜೊತೆಗೆ ನ್ಯಾಯವಾದ ಬೆಲೆ, ಮನೆಯವರ ಸರಕು ಬೇರೆ, ನಾನು ಹಾಗೇ ಒಯ್ದು ದೊರೆಗೆ ಹಿಡಿದೆ. ಅವನು ತಲೆಯಾಡಿಸಿದ. ಕಮ್ಮಿ ಮಾಡು ಎನ್ನಲಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಲಿಲ್ಲ. ಮೈ ಮೇಲಿನ ಸುಳಿ ನೋಡಲಿಲ್ಲ. ನಮ್ಮವನಾದರೆ ಸುಳಿ ನೋಡದೆ ವಲ್ಲಿಯೊಳಗೆ ಕೈ ಇಟ್ಟಾನೇ? ಕೆಟ್ಟ ಸುಳಿಯ ಎತ್ತು ಮನೆ ಹೊಕ್ಕರೆ ಯಜಮಾನ ಉಳಿಯುವುದಿಲ್ಲ ಎನ್ನುವ ಜನ ನಾವು. ಬಿಳಿಯರಿಗೆ ಸುಳಿ ಎಲ್ಲಿ ತಿಳಿಯಬೇಕು ಎಂದುಕೊಂಡೆ. ದೊರೆ ಎತ್ತು ಕೊಳ್ಳದೆ ಮೋಟಾರು ಹತ್ತಿ ಹೋದ.

ಮುಂದಿನದು ಮದ್ದೂರು ಸಂತೆ. ಅದೇ ಎತ್ತು, ಅದೇ ಭಾವ, ಅದೇ ದೊರೆ. ನನ್ನ ಎದುರಾಳಿ ದಳ್ಳಾಳಿ ಒಬ್ಬ ಹುಣಸೆ ಮರದ ಕೆಳಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಕೂಗಿ ಹೇಳಿದ:

"ಏನ್ಲಾ, ನಿಮ್ ಬಾವನ ಎತ್ಗಳು ಸಂತೆ ಸಂತೆ ಸುತ್ಕಂಡು ಸಂಬಂಧ ನೋಡ್ತಾ ಅವಾ?"

"ಊ ಕಣ್ಲಾ, ನಿನ್ನ ಕಂಡು ಬ್ಯಾಡ ಅಂದ್ವು."

"ದೊರೆ ಕೈನೂ ವಲ್ಲಿ ಒಳಕ್ಕೋಯ್ತು ಬುಡು. ಇನ್ ದೊರೆಸಾನಿ ಬಂದು ರಾಗಿ ಬೀಸೋದೊಂದು ಬಾಕಿ."

ಜನ ನಕ್ಕರು. ನಾನು ಭಾವನ ಕೈಗೆ ವಲ್ಲಿ ಹೊದಿಸಿದೆ. ಅವರ ಅಂಗೈ ಒದ್ದೆಯಾಗಿತ್ತು. ನನ್ನ ಅಂಗೈ ಪೂರ್ತಿ ಒಂದು ಸಲ ಹಿಡಿದು ಬಿಟ್ಟು, ಮತ್ತೆ ಒಂದು ಬೆರಳು ಹಿಡಿದರು. ಆರು. ಅಂದರೆ ಅರವತ್ತು. ನಾನು ಅವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು. ನಾನು ಹಿಡಿದ ಕೈಯನ್ನು ಒಮ್ಮೆ ಅಲ್ಲಾಡಿಸಿದೆ. ಇನ್ನೊಮ್ಮೆ ಹೇಳು ಎಂದು ಅದರರ್ಥ. ಮತ್ತೆ ಆರೇ ಹಿಡಿದರು.

ಮಳವಳ್ಳಿಯಲ್ಲಿ ನೂರಿಪ್ಪತ್ತಿದ್ದ ಜೊತೆಗೆ ಮದ್ದೂರಲ್ಲಿ ಅರವತ್ತು. ಗಾಡಿ ಹೂಡಿ ತೇದುಹೋದ ಮುದಿ ಎತ್ತಿಗೂ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ದಂಡಿಗೆ ಹೋದವನಿಗೆ ಬುದ್ಧಿ ಎಲ್ಲಿ ಬರಬೇಕು, ಅಕ್ಕನ ಎತ್ತನ್ನು ಬಿಟ್ಟಿ ಕೊಡುತ್ತಿದ್ದಾನೆ ಎಂದುಕೊಂಡೆ. ದೊರೆಯ ಕಡೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ವಲ್ಲಿ ಹೊದಿಸಿ ದೊರೆಗೆ ಒಂಬತ್ತು ಹಿಡಿದೆ. ತೊಂಬತ್ತಕ್ಕೆ ಶುರುಮಾಡಿದರೆ ಎಂಬತ್ತರ ಹತ್ತಿರ ನಿಲ್ಲಿಸಬಹುದು ಎಂಬುದು ನನ್ನ ಲೆಕ್ಕ. ಇದರಲ್ಲಿ ತಪ್ಪೇನೂ ಇಲ್ಲ. ಮಾರುವವನು ಹೇಳಿದ ಬೆಲೆಯನ್ನು ಹಾಗೇ ಹೊತ್ತುಕೊಂಡು ಹೋಗುವುದಕ್ಕೆ ದಳ್ಳಾಳಿ ಯಾಕೆ ಬೇಕು, ನಾಯಿಯ ಕೊರಳಿಗೆ ಚೀಟಿ ಕಟ್ಟಿ ಬಿಡಬಹುದು.

ದೊರೆ ತಲೆಯಾಡಿಸಿದ. ಈ ಸಲವೂ ಚೌಕಾಸಿಯಿಲ್ಲ. ಟೋಪಿ ಸರಿಮಾಡಿಕೊಂಡು ಮೋಟಾರಿನ ಕಡೆ ನಡೆದ. ಭಾವ ಎತ್ತಿನ ಹಗ್ಗ ಹಿಡಿದು, "ಸರಿ, ಇನ್ ನಾನ್ ಬತ್ತೀನಿ" ಎಂದರು. ವ್ಯಾಪಾರ ಮುರಿದದ್ದಕ್ಕೆ ಇಬ್ಬರಲ್ಲಿ ಒಬ್ಬರಿಗೂ ಬೇಸರವಿರಲಿಲ್ಲ. ನನಗೆ ಆವತ್ತೇ ಗೊತ್ತಾಗಬೇಕಿತ್ತು ಎಂದು ನೀವು ಹೇಳಬಹುದು. ಸಂತೆಯಲ್ಲಿ ಆ ದಿನ ಇನ್ನೂ ನಾಲ್ಕು ವ್ಯಾಪಾರ ನನಗಾಗಿ ಕಾಯುತ್ತಿದ್ದವು.

ಜಗಲಿಯ ಮೇಲೆ ಅಕ್ಕನ ಪಕ್ಕ ಕುಳಿತಾಗ ಇದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಭಾವ ಹಿಡಿದದ್ದು ಬೆಲೆಯಲ್ಲ. ಸುದ್ದಿ ದಾಟಿದ್ದು ನನ್ನ ಕೈಯಿಂದ. ಅಕ್ಕನಿಗೆ ಹೇಳಲಿಲ್ಲ.

"ಈಗ್ಲೇ ರೈಲತ್ತು" ಎಂದಳು.

"ನಾವಾಗ್ ನಾವೇ ಓಗ್ಬಾರ್ದು ಕಣಕ್ಕ. ಗರಜು ತೋರ್ಸುದ್ರೆ ಬೆಲೆ ಬಿದ್ದೋಯ್ತದೆ. ಅವ್ರೇ ಬತ್ತಾರೆ."

"ಅವ್ರ್ ಬರೋಗಂಟ ಅಲ್ಲಿ ಅಗ್ಗ ಕಾಯ್ತದಾ?"

"ಬಾವನ್ ಬಾಯಿಂದ ದಳ್ಳಾಳಿ ಅನ್ನೋ ಮಾತು ಬಂದಿರ್ತದೆ. ದಳ್ಳಾಳಿ ಕೇಳ್ದೆ ಅವ್ರು ಏನೂ ಮಾಡಾಕಿಲ್ಲ."

"ನಿಂಗೆಂಗ್ಲಾ ಗೊತ್ತು?"

ಗೊತ್ತು ಎಂದಷ್ಟೇ ಅಂದೆ. ಅವಳು ಒಳಗೆ ಹೋಗಿ, ನನ್ನ ಹೆಂಡತಿಯ ಜೊತೆ ಸೊಪ್ಪು ಬಿಡಿಸುತ್ತಾ ಕುಳಿತಳು.

ಮಾರನೆಯ ದಿನವೇ ಬಂದರು. ಇಬ್ಬರು, ಮಫ್ತಿಯಲ್ಲಿ. ಒಬ್ಬ ನನ್ನ ಹೆಸರು ಕೇಳಿದ, ಇನ್ನೊಬ್ಬ ಮನೆಯ ಹೆಂಚು ಎಣಿಸುವವನ ಹಾಗೆ ಮೇಲೆ ನೋಡುತ್ತಾ ನಿಂತ. ಮಂಡ್ಯದಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದರು. ದಾರಿಯಲ್ಲಿ ಮದ್ದೂರಲ್ಲಿ ವಡೆ ಕೊಡಿಸಿದರು. ನಾನು ತಿಂದೆ. ತಿನ್ನಲಾರದೆ ಕುಳಿತರೆ ತಪ್ಪಿತಸ್ಥನೆಂದು ಎದುರಿನವನು ತಿಳಿಯುತ್ತಾನೆ. ಠಾಣೆಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ದಂಡಿನ ಒಂದು ಕೋಣೆ. ಸುಣ್ಣ ಹೊಡೆದ ಗೋಡೆ, ಮೇಜು, ಮೇಜಿನ ಹಿಂದೆ ಒಬ್ಬ ಇಂಗ್ಲಿಷ್ ಅಧಿಕಾರಿ. ಪಕ್ಕದಲ್ಲಿ ದುಭಾಷಿ, ಮೈಸೂರಿನ ಕಡೆಯವರು, ಜರಿ ಅಂಚಿನ ಪೇಟ ಸುತ್ತಿದ್ದರು. ಭಾವ ಎಲ್ಲವನ್ನೂ ಒಪ್ಪಿಕೊಂಡಿದ್ದಾರೆ ಎಂದು ದುಭಾಷಿಯೇ ಹೇಳಿದರು. ಬಂದರಿಗೆ ಜನವನ್ನೂ ಹೇಸರಗತ್ತೆಗಳನ್ನೂ ತುಂಬಿಕೊಂಡು ಹೋಗಬೇಕಿದ್ದ ರೈಲು ಗಾಡಿಗಳು ಎಷ್ಟು, ಅದು ಆ ದೊರೆ ಕೇಳಿದ ಸುದ್ದಿ, ಬೆರಳಿಗೊಂದು ಗಾಡಿ. ಮಳವಳ್ಳಿಯಲ್ಲಿ ಕೊಟ್ಟದ್ದು ಹಿಂದೆ ಹೋದ ಗಾಡಿಗಳ ಹಳೆಯ ಲೆಕ್ಕ, ಇವನು ನಿಜ ಹೇಳುತ್ತಾನೋ ಎಂದು ಆ ದೊರೆ ಪರೀಕ್ಷೆ ಮಾಡಿದ್ದಂತೆ. ಮದ್ದೂರಲ್ಲಿ ಕೊಟ್ಟದ್ದು ಮುಂದೆ ಹೋಗುವ ಗಾಡಿಗಳದು. ಆ ದೊರೆಯನ್ನು ಇನ್ನೂ ಹಿಡಿದಿರಲಿಲ್ಲ. ದೂರದಿಂದ ಕಾವಲು ಇಟ್ಟಿದ್ದರು.

"ಮದ್ದೂರಲ್ಲಿ ಅವನು ನಿನ್ನ ಕೈಗೆ ಕೊಟ್ಟಿದ್ದೇನು, ತೋರಿಸು" ಎಂದರು ದುಭಾಷಿ.

ನಾನು ವಲ್ಲಿ ತೆಗೆದೆ. ಅಧಿಕಾರಿ ಮೊದಲು ದುಭಾಷಿಯ ಮುಖ ನೋಡಿ, ಆಮೇಲೆ ಕೈ ಚಾಚಿದ. ಒಣಗಿದ, ತಣ್ಣಗಿನ ಕೈ. ಹೊದಿಸಿ ಆರು ಹಿಡಿದೆ. ಅವನು ಅವನ ಭಾಷೆಯಲ್ಲಿ ಆರು ಎಂದ. ಆ ಆರು ಸರಿಯಾದ ಲೆಕ್ಕ ಎಂಬುದು ಅವನ ದವಡೆ ಬಿಗಿದುಕೊಂಡ ರೀತಿಯಲ್ಲೇ ತಿಳಿಯಿತು.

"ಇದನ್ನೇ ಒಯ್ದು ಆ ದೊರೆಗೆ ಕೊಟ್ಟೆಯೋ?"

"ಇಲ್ಲ ಸ್ವಾಮಿ. ಒಂಬತ್ ಕೊಟ್ಟೆ."

ದುಭಾಷಿ ಅದನ್ನು ಅಧಿಕಾರಿಗೆ ಹೇಳಲಿಲ್ಲ. ನನ್ನ ಕಡೆ ಬಾಗಿದರು. "ಯಾಕಯ್ಯ?"

"ಆರು ಅಂದ್ರೆ ಅರವತ್ತಲ್ವಾ ಸ್ವಾಮಿ. ಆ ಎತ್ಗೆ ಅರವತ್ತಾ? ನಮ್ಮಕ್ಕ ಸಾಕಿದ್ದು. ನೀವಾದ್ರೂ ಬಂದ್ ನೋಡಿ ಎತ್ನ."

"ಅವನು ಹೇಳಿದ್ದನ್ನ ನೀನು ಬದಲಾಯಿಸಿದೆ."

"ಬದ್ಲಾಯಿಸ್ದೆ ಇರೋ ದಳ್ಳಾಳಿನ ನೀವೆಲ್ಲಾರ ಕಂಡಿದ್ದೀರಾ ಸ್ವಾಮಿ?"

ಅವರಿಗೆ ನಗು ಬಂತು, ನುಂಗಿಕೊಂಡರು. ಅಧಿಕಾರಿಗೆ ಬಹಳ ಹೊತ್ತು ವಿವರಿಸಿದರು. ಅವನು ಎರಡು ಸಲ ತಿರುಗಿ ಕೇಳಿದ. ಭಾವ ಮಾಡಿದ ತಪ್ಪು ಯಾವುದು ಎಂಬುದು ಅವನಿಗೆ ಕೊನೆಗೂ ತಿಳಿಯಿತೋ ಇಲ್ಲವೋ. ಊರಿನ ಪದ್ಧತಿಯೊಳಗೆ ಅಡಗಿಕೊಳ್ಳಲು ಹೋದ ಭಾವ ಆ ಪದ್ಧತಿ ಹೇಗೆ ನಡೆಯುತ್ತದೆ ಎಂಬುದನ್ನು ಮರೆತಿದ್ದರು. ವಲ್ಲಿಯೊಳಗೆ ಹೋಗುವುದು ಬರಿಯ ಅಂಕಿ, ಕೊಟ್ಟದ್ದು ಕೊಟ್ಟ ಹಾಗೆ ಆಚೆ ದಡ ಸೇರುತ್ತದೆ ಎಂದು ಸಿಪಾಯಿಯಂತೆ ತಿಳಿದಿದ್ದರು.

ಆಗ ನನಗೆ ದಾರಿ ಕಂಡಿತು. ಅಕ್ಕ ಕೇಳಿದ ಸರಕು ಅವನ ಮೇಜಿನ ಆಚೆ ಇತ್ತು. ನನ್ನ ಬಳಿ ಈಗ ಅವನಿಗೆ ಬೇಕಾದ್ದೊಂದು ಇತ್ತು.

"ಸ್ವಾಮಿ, ಸಾಹೇಬ್ರಿಗೆ ಒಂದ್ ಮಾತ್ ಯೋಳಿ. ಆ ದೊರೆ ಈಗ ಒಂಬತ್ತು ಗಾಡಿ ಅಂತ ನಂಬ್ಕಂಡವ್ನೆ. ಅವನ್ ಯಜಮಾನ್ರಿಗೂ ಅದ್ನೇ ಯೋಳಿರ್ತಾನೆ. ಸುಳ್ಳು ಲೆಕ್ಕ ಅವ್ರ್ ತಾವ ಕುಂತದೆ. ಇಂಥ ಸುಳ್ಳು ದುಡ್ ಕೊಟ್ರೂ ಸಿಕ್ಕಾಕಿಲ್ಲ. ನಮ್ ಬಾವನ್ನ ನೇಣಾಕುದ್ರೆ ನಾಳೆ ಮಳವಳ್ಳಿ ಸಂತೆಗೆಲ್ಲ ಗೊತ್ತಾಯ್ತದೆ. ಆ ದೊರೆ ಕಿವಿಗೂ ಬೀಳ್ತದೆ. ಅವನು ಲೆಕ್ಕನ ತಿರುಗ್ ನೋಡ್ತಾನೆ."

"ಇದು ಸಂತೆ ಅಲ್ಲ ಕಣಯ್ಯ."

"ಯೋಳ್ ನೋಡಿ ಸ್ವಾಮಿ. ಬ್ಯಾಡ ಅಂದ್ರೆ ಬುಡ್ಲಿ."

ಹೇಳಿದರು. ಅಧಿಕಾರಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಹೊರಗೆ ಹೇಸರಗತ್ತೆಗಳಿಗೆ ಮೈ ಉಜ್ಜುತ್ತಿದ್ದರು. ಅವನು ಯೋಚಿಸುತ್ತಿರುವಾಗ ನಾನು ಬಾಯಿ ಬಿಡಲಿಲ್ಲ. ಎದುರಿನವನು ಲೆಕ್ಕ ಹಾಕುವಾಗ ಮಾತಾಡುವವನು ತನ್ನ ಬೆಲೆಯನ್ನು ತಾನೇ ಇಳಿಸಿಕೊಳ್ಳುತ್ತಾನೆ.

ಅವನು ಬೇರೆ ಯಾರನ್ನೋ ಕೇಳಲು ಹೋದ. ಹೊತ್ತು ಇಳಿದ ಮೇಲೆ ಬಂದು ಹೇಳಿದ್ದು ಇಷ್ಟು: ನೇಣು ಇಲ್ಲ. ವಿಚಾರಣೆ ಇಲ್ಲ. ಇವನನ್ನು ದೂರದ ಒಂದು ಕಡೆ ಇಡುತ್ತೇವೆ. ಎಲ್ಲಿ ಎಂದು ಕೇಳಬಾರದು, ಎಷ್ಟು ಕಾಲ ಎಂದು ಕೇಳಬಾರದು. ಕಾಗದ ಬರುವುದಿಲ್ಲ, ಕಳಿಸಲೂ ಆಗದು. ದಳದ ಜೊತೆ ಹಡಗು ಹತ್ತಿ ಹೋದ ಎಂದು ನೀವು ಊರಲ್ಲಿ ಹೇಳಬೇಕು. ಬೇರೆ ಮಾತು ಹೊರಬಿದ್ದರೆ ಮಾತು ಮುರಿಯಿತು.

"ಬದುಕವ್ರೆ ಅಂತ ನಮ್ಗೆಂಗ್ ಗೊತ್ತಾಗ್ಬೇಕು?" ಎಂದೆ.

"ಸಾಹೇಬರು ಮಾತು ಕೊಟ್ಟಿದ್ದಾರೆ."

"ವರ್ಸಕ್ಕೊಂದ್ ಸಲ ಇದ್ದಾನೆ ಅಂತ ಒಂದ್ ಸುದ್ದಿ. ಬ್ಯಾರೆ ಏನೂ ಬ್ಯಾಡ."

ದುಭಾಷಿ ಕೇಳಿದರು. ಅಧಿಕಾರಿ ಆಗದು ಎಂದು ತಲೆಯಲ್ಲಾಡಿಸಿದ. ಇನ್ನೊಂದು ರೀತಿಯಲ್ಲಿ ಕೇಳಿದೆ, ಮತ್ತೊಂದು ರೀತಿಯಲ್ಲಿ ಕೇಳಿದೆ. ಅದಕ್ಕಿಂತ ಮೇಲೆ ಹೋಗಲಿಲ್ಲ. ಕಡೆಗೆ, ಸರಕನ್ನಾದರೂ ಕಣ್ಣಲ್ಲಿ ನೋಡುತ್ತೇನೆ ಎಂದೆ. ಅದಕ್ಕೆ ಒಪ್ಪಿದ.

ಭಾವ ಗುಂಡಿಯಿಲ್ಲದ ಒಂದು ಜುಬ್ಬ ಹಾಕಿಕೊಂಡು ನೆಲದ ಮೇಲೆ ಕುಳಿತಿದ್ದರು. ಪಟ್ಟಿ, ಬಿಲ್ಲೆ, ಸೊಂಟದ ಪಟ್ಟೆ ಎಲ್ಲ ಕಿತ್ತುಕೊಂಡಿದ್ದರು. ದುಭಾಷಿ ಬಾಗಿಲಲ್ಲೇ ನಿಂತರು.

"ಅಂಗ್ಯಾಕ್ ಮಾಡುದ್ರಿ ಬಾವ?"

ಸುಬೇದಾರಿಕೆಯ ಬಡ್ತಿ ತಪ್ಪಿದ್ದು, ಮನೆಯ ಖರ್ಚು, ಏನಾದರೊಂದು ಹೇಳುತ್ತಾರೆ ಎಂದುಕೊಂಡಿದ್ದೆ.

"ಅವ್ನು ನಂಗೆ ಕುರ್ಚಿ ಕೊಟ್ಟ ಕಣ್ಲಾ" ಎಂದರು. "ಮೊದಲ್ನೆ ದಿನ. ಕುಂತ್ಕಳಿ ಜಮಾದಾರ್ರೇ ಅಂದ. ಇಷ್ಟ್ ವರ್ಸದಲ್ಲಿ ಒಬ್ಬ ಬಿಳಿಯ ನನ್ನ ಕೂರು ಅಂದಿರ್ಲಿಲ್ಲ. ಕುಂತೆ. ಕುಂತ್ ಮ್ಯಾಕೆ ಏಳಾಕಾಗ್ಲಿಲ್ಲ."

ನಾನು ಅವರ ಎದುರು ನೆಲದ ಮೇಲೆ ಕುಳಿತೆ.

"ನೀನು ಲೆಕ್ಕ ತಿರುಗ್ಸಿದ್ಯಂತಲ್ಲ."

"ಎತ್ತು ಅಕ್ಕಂದು. ಬಿಟ್ಟಿ ಕೊಡಾಕಾಯ್ತದಾ?"

ಅವರು ಮೂಗಿನಲ್ಲೇ ನಕ್ಕರು. ಆಮೇಲೆ, ಎಡಗಡೆಯ ಎತ್ತಿಗೆ ಹೆಗಲು ಹುಣ್ಣಾಗಿದೆ, ಅರಿಶಿನ ಎಣ್ಣೆ ಹಚ್ಚುವುದಕ್ಕೆ ಹೇಳು ಎಂದರು. ಅಕ್ಕನ ಬಗ್ಗೆ ಕೇಳಲಿಲ್ಲ. ಕೇಳುವಷ್ಟರಲ್ಲಿ ಹೊತ್ತಾಯಿತೆಂದು ದುಭಾಷಿ ಕೆಮ್ಮಿದರು.

ನಾನು ಮಾಡಿದ ವ್ಯಾಪಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಸರಕು ಕೈಗೆ ಬರದ ವ್ಯಾಪಾರವೂ ಇದೊಂದೇ. ಆ ಅಧಿಕಾರಿ ಮಾತು ಉಳಿಸಿಕೊಂಡನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಸರಕು ಕೈಗೆ ಬರುವ ಮೊದಲು ಒಪ್ಪಿಕೊಳ್ಳಬೇಡಿ ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಆವತ್ತು ಆ ಕೋಣೆಯಲ್ಲಿ ಬೇರೆ ಗಿರಾಕಿ ಇರಲಿಲ್ಲ.

ಅಕ್ಕನ ಹಳ್ಳಿಗೆ ನಾನೇ ಹೋಗಿ ಹೇಳಿದೆ. ಅವಳು ಕೊಟ್ಟಿಗೆಯಲ್ಲಿ ದನಕ್ಕೆ ನೀರಿಡುವ ಬಾನಿ ತೊಳೆಯುತ್ತಿದ್ದಳು. ವಲ್ಲಿಯ ವಿಷಯ, ಆರು ಒಂಬತ್ತಾದ ವಿಷಯ ಎಲ್ಲ ಹೇಳಿದೆ. ಕೇಳಿಸಿಕೊಂಡಳು.

"ನನ್ ಎತ್ಗಳ್ನ ಇಟ್ಕಂಡ್ ಆಡುದ್ರು. ನಿನ್ನೂ ಇಟ್ಕಂಡ್ ಆಡುದ್ರು."

"ಊ."

"ಈಗೆಲ್ಲವ್ರೆ?"

"ಯೋಳಾಕಿಲ್ಲ."

"ಯಾವಾಗ್ ಬತ್ತಾರೆ?"

"ಅದ್ನೂ ಯೋಳಾಕಿಲ್ಲ."

"ಮತ್ತೇನ್ ತಂದಿದ್ದೀಯ?"

"ನೀನ್ ಕೇಳಿದ್ದು. ಜೀವ."

ಅವಳು ಬಾನಿಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ನನಗೆ ಮುದ್ದೆ ಬಡಿಸಿದಳು. ನಾನು ಉಂಡು ಎದ್ದೆ. ಎಡಗಡೆಯ ಎತ್ತಿನ ಹೆಗಲಿನ ಮಾತು ಹೇಳಿದಾಗ, "ಅದು ವಾಸಿಯಾಗಿ ಎಷ್ಟೋ ದಿಸ ಆಯ್ತು" ಎಂದಳು.

ಯುದ್ಧ ಶುರುವಾಯಿತು. ಆ ದೊರೆ ಸಂತೆಗಳಲ್ಲಿ ಕಾಣಿಸಲಿಲ್ಲ. ಹಿಡಿದರೋ, ಓಡಿದನೋ, ಯಾರೂ ಕೇಳಲಿಲ್ಲ. ಹಡಗು ಹತ್ತಿದ ಸಿಪಾಯಿಗಳ ಮನೆಗೆ ಮನಿಯಾರ್ಡರು ಬರತೊಡಗಿದವು. ಅಂಚೆಯವನು ಅಕ್ಕನ ಮನೆಯ ಮುಂದೆ ಸೈಕಲ್ಲು ಇಳಿಯದೆ ಹೋಗುತ್ತಿದ್ದ. ಜಮಾದಾರ ಸೀಮೆಗೆ ಹೋಗಿದ್ದಾನೆ ಎಂದು ನಾವು ಹೇಳಿದ್ದನ್ನು ಹಳ್ಳಿ ಮೊದಲು ನಂಬಿತು. ಆಮೇಲೆ, ಹಿತ್ತಲ ಬಾಗಿಲಲ್ಲಿ ನಿಂತು ಹೋಗಿದ್ದ ಆ ಸಿಪಾಯಿಯ ಮನೆಯವರೇ ಬಾಯಿ ಬಿಟ್ಟರೋ ಏನೋ, ಬಾವಿಕಟ್ಟೆಯಲ್ಲಿ ಇನ್ನೊಂದು ಮಾತು ಹುಟ್ಟಿತು. ಜಮಾದಾರನನ್ನು ದಂಡಿನಲ್ಲೇ ಮುಗಿಸಿದರಂತೆ, ಇವಳು ಗೊತ್ತಿದ್ದೂ ಕುಂಕುಮ ಇಟ್ಟುಕೊಂಡು ಓಡಾಡುತ್ತಾಳಂತೆ.

ಯಾರೂ ಎದುರಿಗೆ ಹೇಳಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಒಬ್ಬೊಬ್ಬರಾಗಿ ಮರೆತರು.

ಆ ವರ್ಷದ ಕಾರ್ತೀಕದಲ್ಲಿ ಅಕ್ಕನ ಪಕ್ಕದ ಮನೆಯಲ್ಲಿ ಮಗಳ ಮದುವೆ. ಹುಡುಗಿಯ ಕಡೆಗೆ ಗಾಡಿ ಎತ್ತು ಒದಗಿಸಿಕೊಟ್ಟವನು ನಾನೇ, ಹಾಗಾಗಿ ಹೋಗಿದ್ದೆ. ಅಕ್ಕ ಹಿಂದಿನ ದಿನದಿಂದ ಅಲ್ಲೇ ಇದ್ದು ಅಕ್ಕಿ ಆರಿಸಿ, ಹೋಳು ಹೆಚ್ಚಿ, ಒಲೆಯ ಮುಂದೆ ಬೆವರಿದ್ದಳು. ಕೆಲಸಕ್ಕೆ ಯಾರೂ ಬೇಡ ಎಂದಿರಲಿಲ್ಲ. ಹೆಣ್ಣು ಗಂಡನ್ನು ಹಸೆಯ ಮೇಲೆ ಕೂರಿಸಿ, ಮುತ್ತೈದೆಯರು ಆರತಿಗೆ ಸಾಲು ನಿಂತಾಗ ಅಕ್ಕನೂ ಸೆರಗು ಹೊದ್ದು ಸಾಲಿಗೆ ಬಂದಳು. ಚಪ್ಪರದ ಕಂಬದ ಹತ್ತಿರ ನಿಂತಿದ್ದ ನನ್ನ ಬಳಿಗೆ ಆ ಮನೆಯ ಅಜ್ಜಿ ಬಂದು ಮೆಲ್ಲಗೆ ಹೇಳಿದಳು:

"ಅಪ್ಪಯ್ಯ, ನಿಮ್ಮಕ್ಕಂಗೆ ವಸಿ ಇಂದಕ್ ನಿಂತ್ಕಳಾಕ್ ಯೋಳು. ಸುಬಕಾರ್ಯ. ಬ್ಯಾಜಾರ್ ಮಾಡ್ಕಬ್ಯಾಡ."

ಭಾವ ಜೈಲಿನಲ್ಲಿ ಬದುಕಿದ್ದಾರೆ ಎಂದು ಹೇಳಿದರೆ ಮಾತು ಮುರಿಯಿತು. ಹೇಳದಿದ್ದರೆ ಅಕ್ಕ ಹಿಂದೆ ನಿಲ್ಲಬೇಕು. ಅಜ್ಜಿಗೆ ಕಿವಿ ಮಂದ, ಮೆಲ್ಲಗೆ ಎಂದುಕೊಂಡು ಅವಳು ಹೇಳಿದ್ದು ಸಾಲಿಗೆಲ್ಲ ಕೇಳಿತ್ತು. ಹೆಂಗಸರು ಬಳೆ ಸರಿಮಾಡಿಕೊಳ್ಳುತ್ತಾ ನೆಲ ನೋಡಿದರು.

ಅಕ್ಕ ಸಾಲಿನಿಂದ ಅಲುಗಾಡಲಿಲ್ಲ. ಅಲ್ಲಿಂದಲೇ ನನ್ನನ್ನು ಕೇಳಿದಳು.

"ಲೋ, ನಿಮ್ ಬಾವ ಬದುಕವ್ರಾ, ಇಲ್ವಾ? ಎಲ್ಲಾರ ಮುಂದೆ ಯೋಳ್ಬುಡು. ನೀನ್ ಯೋಳ್ದಂಗೆ ನಾನ್ ನಿಂತ್ಕತೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆಣೆಯಿಟ್ಟು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಒಬ್ಬ ಪರಕೀಯ ಸುಣ್ಣದ ಗೋಡೆಯ ಕೋಣೆಯಲ್ಲಿ ಇನ್ನೊಬ್ಬರ ಬಾಯಿಂದ ಹೇಳಿಸಿದ ಮಾತು ಒಂದಿತ್ತು.

"ಬದುಕವ್ರೆ ಕಣಕ್ಕ" ಎಂದೆ. "ದಳದ್ ಜೊತೆ ಅಡಗ್ ಅತ್ತಿ ಓಗವ್ರೆ."

ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. ಸಂತೆಯಲ್ಲಿ ನನ್ನ ಮಾತಿಗೆ ಏನು ಬೆಲೆಯಿತ್ತೋ ಅದು ಅವಳಿಗೂ ಗೊತ್ತಿತ್ತು, ಅದರ ಎರಡು ಮುಖವೂ. ಕುಂಕುಮದ ಬಟ್ಟಲು ತೆಗೆದುಕೊಂಡು ಹೋಗಿ ಅಕ್ಕನ ಹಣೆಗೆ ಇಟ್ಟಳು. ಅಕ್ಕ ಆರತಿಯ ತಟ್ಟೆಯ ಒಂದು ಅಂಚು ಹಿಡಿದಳು, ಇನ್ನೊಂದು ಅಂಚನ್ನು ಪಕ್ಕದವಳು ಹಿಡಿದಳು. ಹಾಡು ಶುರುವಾಯಿತು. ಅಕ್ಕ ನನ್ನ ಕಡೆ ನೋಡಲಿಲ್ಲ. ನಾನು ಊಟಕ್ಕೆ ನಿಲ್ಲದೆ ಮಳವಳ್ಳಿಯವರೆಗೆ ನಡೆದು ಮಂಡ್ಯದ ಬಸ್ಸು ಹಿಡಿದೆ.